ಒಂದೇ ಜಗಳ ಮತ್ತೆ ಮತ್ತೆ: ದಾಂಪತ್ಯ ಕೌನ್ಸೆಲಿಂಗ್‌ನಲ್ಲಿ ನಿಜಕ್ಕೂ ಏನು ಮಾಡುತ್ತಾರೆ?

ಹೊಸ್ತಿಲು:

ದಾಂಪತ್ಯ ಕೌನ್ಸೆಲಿಂಗ್ ಬಗ್ಗೆ ಏನೇ ಓದಿದರೂ "ಸಂವಹನ ಸುಧಾರಿಸುತ್ತದೆ", "ಪರಸ್ಪರ ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ" ಎನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಹೇಗೆ ಸುಧಾರಿಸುತ್ತದೆ, ಎದುರಿಗೆ ಕೂತ ಮೂರನೆಯವರು ಏನು ಕೇಳುತ್ತಾರೆ, ಏನು ಮಾಡಿಸುತ್ತಾರೆ ಅನ್ನುವುದು ಸಿಗುವುದಿಲ್ಲ.

ಖರ್ಚು, ಮನೆಗೆಲಸ, ತಡವಾಗಿ ಬರುವುದು, ಹೀಗೆ ವಿಷಯ ಯಾವುದೇ ಇರಲಿ, ಕೆಲವು ಜೋಡಿಗಳ ಜಗಳ ಶುರುವಾಗುವ ರೀತಿ, ಮುಗಿಯುವ ರೀತಿ ಪ್ರತಿ ಸಲವೂ ಒಂದೇ. ಒಬ್ಬರದು ಏರುದನಿ, ಇನ್ನೊಬ್ಬರದು ಮೌನ. ಎರಡು ದಿನ ಮುನಿಸು, ಆಮೇಲೆ ಏನೂ ಆಗದವರಂತೆ ದಿನಚರಿ. ಹಿರಿಯರೋ ಸ್ನೇಹಿತರೋ ಕೂರಿಸಿಕೊಂಡು ಬುದ್ಧಿ ಹೇಳಿದರೂ ವಾರದೊಳಗೆ ಮತ್ತೆ ಅದೇ. ಇಂಥ ಕಡೆ ಕೌನ್ಸೆಲರ್ ಹೆಚ್ಚಿಗೆ ಏನು ಮಾಡಬಲ್ಲರು? ಮೊದಲ ಭೇಟಿಗಳಲ್ಲಿ ಏನು ನಡೆಯುತ್ತದೆ, ಮನೆಯಲ್ಲಿ ಮಾಡಲು ಏನು ಕೊಡುತ್ತಾರೆ, ಎಲ್ಲಿ ಕೆಡುತ್ತದೆ? ಗೊತ್ತಿರುವವರು ವಿವರವಾಗಿ ಬರೆದರೆ ಉಪಕಾರ.

ನಡುಮನೆ:

ಹಿರಿಯರು, ಸ್ನೇಹಿತರು ಜಗಳದ ವಿಷಯವನ್ನು ಹಿಡಿದು ಕೂರುತ್ತಾರೆ. ತಪ್ಪು ಯಾರದು, ಯಾರು ಎಷ್ಟು ಬಿಟ್ಟುಕೊಡಬೇಕು ಎಂದು ತೀರ್ಮಾನ ಕೊಡುತ್ತಾರೆ. ಕೌನ್ಸೆಲರ್ ಹಿಡಿಯುವುದು ಜಗಳ ಸಾಗುವ ದಾರಿಯನ್ನು. ವಿಷಯ ಬದಲಾದರೂ ಆ ದಾರಿ ಬದಲಾಗದ ಕಾರಣಕ್ಕೇ ತೀರ್ಮಾನಗಳು ವಾರದಲ್ಲಿ ಮುರಿದುಬೀಳುತ್ತವೆ.

ಕ್ರಮವಾಗಿ ಕಲಿತ ಕೌನ್ಸೆಲರ್ ಮೊದಲ ಮೂರು ನಾಲ್ಕು ಭೇಟಿಗಳಲ್ಲಿ ಪರಿಹಾರಕ್ಕೆ ಕೈ ಹಾಕುವುದಿಲ್ಲ. ಆಂಡ್ರ್ಯೂ ಕ್ರಿಸ್ಟೆನ್‌ಸನ್ ಮತ್ತು ನೀಲ್ ಜೇಕಬ್‌ಸನ್ ರೂಪಿಸಿದ ಪದ್ಧತಿಯಲ್ಲಿ ಮೊದಲನೆಯದು ಇಬ್ಬರೂ ಕೂಡಿ, ಎರಡು ಮತ್ತು ಮೂರನೆಯದು ಒಬ್ಬೊಬ್ಬರೇ, ನಾಲ್ಕನೆಯದರಲ್ಲಿ ಕೌನ್ಸೆಲರ್ ತಾವು ಕಂಡದ್ದನ್ನು ಇಬ್ಬರ ಮುಂದೆ ಇಡುತ್ತಾರೆ. ಬೇರೆ ಪದ್ಧತಿಯವರೂ ಹೆಚ್ಚುಕಡಿಮೆ ಇದೇ ಕ್ರಮ ಹಿಡಿಯುತ್ತಾರೆ. ಜೊತೆಗೆ ಒಂದು ಪ್ರಶ್ನಾವಳಿ ತುಂಬಲು ಕೊಡಬಹುದು. ಅಂಥ ಒಂದರಲ್ಲಿ 16 ಪ್ರಶ್ನೆ, ಒಟ್ಟು ಅಂಕ 0ಯಿಂದ 81. ಐವತ್ತೊಂದೂವರೆಗಿಂತ ಕೆಳಗೆ ಬಂದರೆ ಸಂಬಂಧ ಗಣನೀಯವಾಗಿ ನಲುಗಿದೆ ಎಂದು ಲೆಕ್ಕ. ಅಂಕಕ್ಕೆ ಹೆದರಬೇಕಿಲ್ಲ. ಎಂಟು ಹತ್ತು ಭೇಟಿಗಳ ನಂತರ ಅದೇ ಹಾಳೆಯನ್ನು ಮತ್ತೆ ತುಂಬಿಸಿ ಹೋಲಿಸುವುದಕ್ಕೆ ಅದು ಬೇಕು.

ಒಬ್ಬೊಬ್ಬರೇ ಹೋಗುವ ಮುನ್ನ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಅಲ್ಲಿ ಹೇಳಿದ್ದು ಜೊತೆಗಾರರಿಗೆ ತಿಳಿಯುತ್ತದೆಯೋ ಇಲ್ಲವೋ? ಕೆಲವರು ಗುಟ್ಟು ಇಟ್ಟುಕೊಳ್ಳುವುದಿಲ್ಲ, ಮತ್ತೆ ಕೆಲವರು ಇಟ್ಟುಕೊಳ್ಳುತ್ತಾರೆ. ಯಾವ ನಿಯಮವಾದರೂ ಸರಿ, ಮೊದಲೇ ಇಬ್ಬರಿಗೂ ತಿಳಿದಿರಬೇಕು. ಇದು ಅಸ್ಪಷ್ಟವಾಗಿದ್ದು, ಒಬ್ಬರು ಒಂಟಿಯಾಗಿ ಸಿಕ್ಕಾಗ ಬೇರೊಂದು ಸಂಬಂಧದ ವಿಷಯ ಹೇಳಿಬಿಟ್ಟರೆ ಕೌನ್ಸೆಲರ್ ಕೈ ಕಟ್ಟಿಹೋಗುತ್ತದೆ. ಮುಂದೆ ಅದು ಹೊರಬಂದ ದಿನ ಇನ್ನೊಬ್ಬರಿಗೆ ಜೊತೆಗಾರರ ಮೇಲೂ ಕೌನ್ಸೆಲರ್ ಮೇಲೂ ನಂಬಿಕೆ ಹೋಗುತ್ತದೆ.

ಇನ್ನು ದಾರಿಯನ್ನು ಹಿಡಿಯುವುದು ಅಂದರೇನು ಎಂಬುದಕ್ಕೆ ಬರುತ್ತೇನೆ. "ನೀವು ಯಾಕೆ ಜಗಳವಾಡುತ್ತೀರಿ" ಎಂದು ಕೇಳುವುದಿಲ್ಲ. "ಕಳೆದ ಸಲದ ಜಗಳವನ್ನು ನಿಮಿಷ ನಿಮಿಷ ಬಿಡಿಸಿ ಹೇಳಿ" ಎನ್ನುತ್ತಾರೆ. ಒಬ್ಬರು ತಡವಾಗಿ ಬಂದರು. ಇನ್ನೊಬ್ಬರು, "ಎಷ್ಟು ಸಲ ಹೇಳಬೇಕು, ಒಂದು ಫೋನ್ ಮಾಡೋಕೆ ಆಗಲ್ವಾ?" ಅಂದರು. ಬಂದವರು ಮುಖ ನೋಡದೆ, "ಸರಿ, ಬಿಡು" ಅಂದರು. ದನಿ ಏರಿತು. ಅವರು ಎದ್ದು ಇನ್ನೊಂದು ಕೋಣೆಗೆ ಹೋದರು. ಇವರು ಬೆನ್ನು ಹತ್ತಿ ಹೋದರು. ಬಾಗಿಲು ಬಡಿಯಿತು. ಇಷ್ಟಕ್ಕೆ ಎರಡು ನಿಮಿಷ ಸಾಕು, ಆದರೆ ಅದನ್ನು ಬಿಡಿಸಲು ಇಡೀ ಒಂದು ಭೇಟಿ ಹೋಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಕೌನ್ಸೆಲರ್ ತಡೆದು ಕೇಳುತ್ತಾರೆ: "ಅವರು ಎದ್ದು ಹೋದ ಆ ಕ್ಷಣ ನಿಮಗೆ ಎದೆಯಲ್ಲಿ ಏನಾಯಿತು?" ಮೊದಲು ಬರುವ ಉತ್ತರ ಸಿಟ್ಟು. ಇನ್ನೆರಡು ಸಲ ಕೇಳಿದರೆ "ನಾನು ಇವರಿಗೆ ಲೆಕ್ಕಕ್ಕೇ ಇಲ್ಲ ಅನ್ನೋ ಹೆದರಿಕೆ" ಎಂಬುದು ಹೊರಡುತ್ತದೆ. ಎದ್ದು ಹೋದವರನ್ನು ಕೇಳಿದರೆ, "ನಾನು ಏನು ಮಾಡಿದರೂ ಸಾಲದು, ಬಾಯಿ ತೆರೆದರೆ ಇನ್ನೂ ಕೆಡುತ್ತೆ" ಎಂಬುದು. ಒಬ್ಬರು ಬೆನ್ನು ಹತ್ತಿದಷ್ಟೂ ಇನ್ನೊಬ್ಬರು ದೂರ ಸರಿಯುತ್ತಾರೆ, ದೂರ ಸರಿದಷ್ಟೂ ಇವರು ಬೆನ್ನು ಹತ್ತುತ್ತಾರೆ. ಈ ಸುತ್ತನ್ನು ಇಬ್ಬರೂ ಒಟ್ಟಿಗೆ ಕಣ್ಣಾರೆ ನೋಡುವುದೇ ಮೊದಲ ಗೆಲುವು. 1980ರ ದಶಕದಲ್ಲಿ ಸ್ಯೂ ಜಾನ್‌ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ಕಟ್ಟಿದ ಭಾವನಾಕೇಂದ್ರಿತ ಪದ್ಧತಿಯ ಬುನಾದಿ ಇದು. ಸಾಮಾನ್ಯವಾಗಿ 8ರಿಂದ 20 ಭೇಟಿ ಹಿಡಿಯುತ್ತದೆ.

ಆಮೇಲಿನ ಹೆಜ್ಜೆ ಕಷ್ಟದ್ದು. "ಈಗ ನನಗೆ ಹೇಳಿದ್ದನ್ನು ಅವರ ಕಡೆ ತಿರುಗಿ ಹೇಳಿ" ಎನ್ನುತ್ತಾರೆ. ಕೌನ್ಸೆಲರಿಗೆ ಸರಾಗವಾಗಿ ಹೇಳಿದ ಮಾತು ಜೊತೆಗಾರರ ಮುಖ ನೋಡಿದ ಕೂಡಲೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅವಸರ ಮಾಡದೆ ಕಾಯಬಲ್ಲವರೇ ಒಳ್ಳೆಯ ಕೌನ್ಸೆಲರ್.

ತಿಳಿನೀರು:

ಜಗಳ ಕಾದಿರುವ ಆ ಹತ್ತು ನಿಮಿಷಕ್ಕೆ ಏನು ಕಲಿಸುತ್ತಾರೆ ಎಂಬುದನ್ನು ನಾನು ಬರೆಯುತ್ತೇನೆ.

ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್‌ಸನ್ ಜೋಡಿಗಳನ್ನು ಕೂರಿಸಿ, ನಾಡಿಮಿಡಿತ ಅಳೆಯುತ್ತ ಜಗಳ ಗಮನಿಸಿದ ಸಂಶೋಧಕರು. ನಾಡಿ ನಿಮಿಷಕ್ಕೆ 100 ದಾಟಿತೆಂದರೆ ಕಿವಿಗೆ ಮಾತು ಬಿದ್ದರೂ ತಲೆಗೆ ಇಳಿಯುವುದು ಕಡಿಮೆ. ಆಗ ಎಂಥ ಒಳ್ಳೆಯ ವಾಕ್ಯ ಬಳಸಿದರೂ ಪ್ರಯೋಜನವಿಲ್ಲ. ದೇಹ ತಣಿಯಲು ಕನಿಷ್ಠ 20 ನಿಮಿಷ ಬೇಕು. ಹಾಗಾಗಿ ಮೊದಲು ಕಲಿಸುವುದೇ ವಿರಾಮ ತೆಗೆದುಕೊಳ್ಳುವುದನ್ನು. ಇದು ಸುಲಭ ಅನಿಸುತ್ತದೆ, ಆದರೆ ಹೆಚ್ಚು ಜನ ಎಡವುವುದು ಇಲ್ಲೇ.

ವಿರಾಮ ಕೇಳುವವರು ಮರಳಿ ಬರುವ ಹೊತ್ತನ್ನು ಹೇಳಲೇಬೇಕು. "ನನ್ನ ತಲೆ ಕಾದಿದೆ, ಅರ್ಧ ಗಂಟೆ ಬಿಟ್ಟು ಇದನ್ನೇ ಮುಂದುವರಿಸೋಣ." ಹೊತ್ತು ಹೇಳದೆ ಎದ್ದರೆ ಅದು ವಿರಾಮ ಆಗುವುದಿಲ್ಲ, ಇನ್ನೊಬ್ಬರ ಪಾಲಿಗೆ ಕೈಬಿಟ್ಟು ಹೋದಂತೆ. ಹೇಳಿದ ಹೊತ್ತಿಗೆ ಹೋದವರೇ ಬಂದು ಮಾತು ಎತ್ತಬೇಕು. ಒಂದು ದಿನಕ್ಕಿಂತ ಹೆಚ್ಚು ಎಳೆಯಬಾರದು. ಇನ್ನೊಬ್ಬರು ಬೆನ್ನು ಹತ್ತಿ ಹೋಗಬಾರದು, ಸಂದೇಶ ಕಳಿಸುತ್ತ ಕೂರಬಾರದು. ಆ 20 ನಿಮಿಷ ಒಳಗೊಳಗೇ "ಹಾಗೆ ಅಂದಳಲ್ಲ, ನಾನು ಹೀಗೆ ಅನ್ನಬೇಕಿತ್ತು" ಎಂದು ಮಸೆಯುತ್ತಿದ್ದರೆ ನಾಡಿ ಇಳಿಯುವುದೇ ಇಲ್ಲ. ನಡೆದಾಡಿ, ಬಟ್ಟೆ ಮಡಚಿ, ಏನಾದರೂ ಓದಿ. ಈ ಒಪ್ಪಂದವನ್ನು ಜಗಳವಿಲ್ಲದ ದಿನ ಮಾಡಿಕೊಂಡಿರಬೇಕು. ಜಗಳದ ನಡುವೆ ಹೊಸ ನಿಯಮ ಹೇಳಿದರೆ ಅದೂ ಇನ್ನೊಂದು ಜಗಳವಾಗುತ್ತದೆ.

ಎರಡನೆಯದು, ಮಾತು ಎತ್ತುವ ರೀತಿ. ಮೊದಲ ಮೂರು ನಿಮಿಷ ಹೇಗಿರುತ್ತದೋ ಇಡೀ ಮಾತುಕತೆ ಬಹುಪಾಲು ಹಾಗೇ ಮುಗಿಯುತ್ತದೆ ಎಂಬುದು ಅದೇ ಸಂಶೋಧನೆಯಲ್ಲಿ ಕಂಡದ್ದು. ದೂರು ಹೇಳಿ, ವ್ಯಕ್ತಿಯ ಮೇಲೆ ಹೋಗಬೇಡಿ. "ನೀನು ಯಾವತ್ತೂ ಹೀಗೇ, ನಿನಗೆ ಜವಾಬ್ದಾರಿಯೇ ಇಲ್ಲ" ಎಂಬುದು ವ್ಯಕ್ತಿಯ ಮೇಲಿನ ತೀರ್ಪು. "ನಿನ್ನೆ ಬಿಲ್ ಕಟ್ಟೋದು ಮರೆತುಹೋಯ್ತು, ನನಗೆ ಗಾಬರಿಯಾಯ್ತು, ಇನ್ಮೇಲೆ ತಾರೀಕನ್ನು ಇಬ್ಬರಿಗೂ ಕಾಣೋ ಕಡೆ ಬರೆದಿಡೋಣವಾ?" ಎಂಬುದು ದೂರು. ಒಂದು ಘಟನೆ, ಒಂದು ಭಾವನೆ, ಒಂದು ಕೋರಿಕೆ, ಇಷ್ಟೇ.

ನಮ್ಮ ಭಾಷೆಯಲ್ಲಿ ಒಂದು ಮೋಸ ಇದೆ, ಗಮನಿಸಿ. "ನನಗೆ ಅನಿಸುತ್ತೆ" ಎಂದು ಶುರು ಮಾಡಿದ್ದೆಲ್ಲ ಭಾವನೆಯಲ್ಲ. "ನನಗೆ ಅನಿಸುತ್ತೆ, ನೀನು ಸ್ವಾರ್ಥಿ" ಎನ್ನುವುದು ಭಾವನೆಯ ಅಂಗಿ ತೊಟ್ಟ ಬೈಗುಳ. ಭಾವನೆಯ ಮಾತು "ನನಗೆ ಬೇಜಾರಾಯ್ತು, ಭಯವಾಯ್ತು, ಒಂಟಿ ಅನಿಸ್ತು" ಎಂಬಲ್ಲಿಗೆ ಮುಗಿಯುತ್ತದೆ, ಅದರಲ್ಲಿ "ನೀನು" ಬರುವುದಿಲ್ಲ. ಹಾಗೇ ದಿನವೂ "ನೀನು" ಎನ್ನುವವರು ಜಗಳದಲ್ಲಿ ತಟ್ಟನೆ "ನೀವು ದೊಡ್ಡವರು, ನಿಮಗೆ ಹೇಳೋಕಾಗುತ್ತಾ" ಎಂದರೆ ಅದು ಮರ್ಯಾದೆಯಲ್ಲ, ಕೊಂಕು. "ನಿನ್ನಿಷ್ಟ" ಎಂಬ ಒಂದು ಪದ ಎಷ್ಟೋ ಸಲ ಒಪ್ಪಿಗೆಯಾಗಿರದೆ ಬಾಗಿಲು ಮುಚ್ಚಿದ ಸದ್ದಾಗಿರುತ್ತದೆ. ಕೌನ್ಸೆಲರ್ ಇಂಥ ಪದಗಳಿಗೆ ಕಿವಿಗೊಟ್ಟು ಅಲ್ಲೇ ನಿಲ್ಲಿಸುತ್ತಾರೆ.

ಗಾಟ್‌ಮನ್ ಗುರುತಿಸಿದ ನಾಲ್ಕು ಕೆಡುಕುಗಳ ಪಟ್ಟಿಯನ್ನು ಅನೇಕ ಕೌನ್ಸೆಲರ್‌ಗಳು ಬಳಸುತ್ತಾರೆ: ವ್ಯಕ್ತಿಯನ್ನೇ ದೂಷಿಸುವುದು, ತಿರಸ್ಕಾರ, ತನ್ನನ್ನು ಸಮರ್ಥಿಸಿಕೊಳ್ಳುವುದು, ಗೋಡೆಯಂತೆ ಮೌನವಾಗುವುದು. ಇವುಗಳಲ್ಲಿ ತಿರಸ್ಕಾರ ಎಲ್ಲಕ್ಕಿಂತ ಅಪಾಯಕಾರಿ. ಅಣಕಿಸುವುದು, ಕಣ್ಣು ತಿರುಗಿಸುವುದು, "ನಿನ್ನ ಬುದ್ಧಿಗೆ ಅಷ್ಟೇ" ಎನ್ನುವುದು ಇವೆಲ್ಲ ಅದೇ. ಅದನ್ನು ಕಂಡ ಕೂಡಲೇ ಕೌನ್ಸೆಲರ್ ತಡೆಯದಿದ್ದರೆ ಆ ಕೋಣೆ ಸುರಕ್ಷಿತವಲ್ಲ.

ಕಿವಿಮಾತು:

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಮನೆಪಾಠವಾಗಿ ಹೆಚ್ಚು ಕೊಡುವ ಅಭ್ಯಾಸ ಬಿಟ್ಟುಹೋಗಿದೆ: ಒಬ್ಬರು ಹೇಳುವುದು, ಇನ್ನೊಬ್ಬರು ಕೇಳಿ ಮರಳಿ ಹೇಳುವುದು.

ಮಾತಾಡುವ ಸರದಿ ಯಾರದೋ ಅವರ ಕೈಯಲ್ಲಿ ಒಂದು ವಸ್ತು ಇರಲಿ. ಪೆನ್ನಾದರೂ ಸಾಕು. ಅವರು ಎರಡು ಮೂರು ವಾಕ್ಯ ಹೇಳಿ ನಿಲ್ಲಿಸಬೇಕು. ಕೇಳುವವರು ಅದನ್ನು ತಮ್ಮ ಮಾತಿನಲ್ಲಿ ಹೇಳಿ, "ಸರಿಯಾಗಿ ಕೇಳಿಸಿಕೊಂಡೆನಾ?" ಎಂದು ಕೇಳಬೇಕು. "ಹೌದು" ಎಂದ ಮೇಲೇ ಮುಂದಕ್ಕೆ. ಐದು ಏಳು ನಿಮಿಷಕ್ಕೆ ಸರದಿ ಬದಲು, ಒಟ್ಟು ಹದಿನೈದು ನಿಮಿಷ ಮೀರದಿರಲಿ. ಪರಿಹಾರದ ಮಾತು ಅವತ್ತು ಬೇಡ. ಶುರುವಿನ ವಾರಗಳಲ್ಲಿ ದೊಡ್ಡ ಜಗಳದ ವಿಷಯ ಬೇಡವೇ ಬೇಡ, ಸಣ್ಣ ಕಿರಿಕಿರಿ ಸಾಕು.

ಇದು ಕೆಡುವುದು ಮೂರು ಕಡೆ. ಕೇಳಿದವರು ಗಿಳಿಪಾಠ ಒಪ್ಪಿಸುತ್ತಾರೆ, ಅಕ್ಷರ ಸರಿ ಇರುತ್ತದೆ, ಮುಖದಲ್ಲಿ ಏನೂ ಇರುವುದಿಲ್ಲ. ಇಲ್ಲವೇ ಮರಳಿ ಹೇಳುವಾಗಲೇ ತಿರುಚುತ್ತಾರೆ: "ಅಂದರೆ ನಾನು ಕೆಟ್ಟವನು ಅಂತ ನೀನು ಹೇಳ್ತಿದ್ದೀಯ." ಇಲ್ಲವೇ ತಲೆ ಕಾದಾಗ ಇದನ್ನು ಶುರು ಮಾಡುತ್ತಾರೆ. ತಿಳಿನೀರು ಹೇಳಿದ ನಾಡಿಯ ಲೆಕ್ಕ ಇಲ್ಲೂ ಅನ್ವಯ.

ಇದರ ಮಿತಿಯೂ ತಿಳಿದಿರಲಿ. ಚೆನ್ನಾಗಿ ಬಾಳುವ ಜೋಡಿಗಳು ಸಹಜವಾಗಿ ಹೀಗೆ ಮಾತಾಡುವುದಿಲ್ಲ ಎಂದು ಗಾಟ್‌ಮನ್ ತಂಡವೇ 1998ರಲ್ಲಿ ತೋರಿಸಿತು. ಹಾಗಾಗಿ ಇದನ್ನು ಮುರಿದ ಕೈಗೆ ಕಟ್ಟುವ ಪಟ್ಟಿಯಂತೆ ನೋಡಬೇಕು. ಮೂಳೆ ಕೂಡುವವರೆಗೆ ಬೇಕು, ಜೀವನಪೂರ್ತಿ ಕಟ್ಟಿಕೊಂಡು ತಿರುಗುವುದಕ್ಕಲ್ಲ.

ಜೋಡಿಗಳ ಜಗಳದ ವಿಷಯಗಳಲ್ಲಿ ಸುಮಾರು 69 ಪ್ರತಿಶತ ಎಂದೂ ಪೂರ್ತಿ ಬಗೆಹರಿಯದವು ಎಂದು ಗಾಟ್‌ಮನ್ ಅಂದಾಜಿಸುತ್ತಾರೆ. ಒಬ್ಬರಿಗೆ ಅಚ್ಚುಕಟ್ಟು ಬೇಕು, ಇನ್ನೊಬ್ಬರಿಗೆ ನಡೆದಂತೆ ನಡೆಯಲಿ. ಒಬ್ಬರು ಕೂಡಿಡುವವರು, ಇನ್ನೊಬ್ಬರು ಕೈಬಿಚ್ಚಿ ಖರ್ಚು ಮಾಡುವವರು. ಇವು ಸ್ವಭಾವದವು. ಇವನ್ನು ಬಗೆಹರಿಸಲು ಹೊರಟರೇ ಸೋಲು. ಇಲ್ಲಿ ಕೌನ್ಸೆಲರ್ ಒಂದು ಹಾಳೆಯಲ್ಲಿ ಎರಡು ವೃತ್ತ ಬರೆಸುತ್ತಾರೆ. ಒಳವೃತ್ತದಲ್ಲಿ ಬಿಟ್ಟುಕೊಡಲಾಗದ್ದು, ಹೊರವೃತ್ತದಲ್ಲಿ ಹಿಗ್ಗಿಸಬಹುದಾದ್ದು. ಇಬ್ಬರೂ ಬೇರೆ ಬೇರೆ ಬರೆದು ಆಮೇಲೆ ಹಾಳೆ ಬದಲಾಯಿಸಿಕೊಳ್ಳಬೇಕು. ಒಳವೃತ್ತ ನೆನೆದಷ್ಟು ದೊಡ್ಡದಿರುವುದಿಲ್ಲ. "ತಿಂಗಳಿಗೆ ಇಷ್ಟು ಉಳಿಯಲೇಬೇಕು" ಎಂಬುದು ಒಳಗೆ ಬಂದರೆ "ಯಾವುದರಲ್ಲಿ ಉಳಿಸುವುದು" ಎಂಬುದು ಹೊರಗೆ ಬರುತ್ತದೆ. ಮಾತುಕತೆಗೆ ಜಾಗ ಸಿಗುವುದು ಅಲ್ಲಿ.

ಫಲದ ಬಗ್ಗೆ ಸುಳ್ಳು ಭರವಸೆ ಬೇಡ. ಕ್ರಿಸ್ಟೆನ್‌ಸನ್ ಅವರ ತಂಡ ತೀವ್ರವಾಗಿ ನಲುಗಿದ 134 ಜೋಡಿಗಳಿಗೆ ಗರಿಷ್ಠ 26 ಭೇಟಿ ಕೊಟ್ಟು, ಮುಗಿದು 5 ವರ್ಷವಾದ ಮೇಲೂ ವಿಚಾರಿಸಿತು. ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಣನೀಯ ಸುಧಾರಣೆ ಉಳಿದಿತ್ತು, ಕಾಲುಭಾಗಕ್ಕಿಂತ ತುಸು ಹೆಚ್ಚಿನವರು ಬೇರೆಯಾಗಿದ್ದರು.

ಹೊಸ್ತಿಲು:

ಇಷ್ಟು ಸ್ಪಷ್ಟವಾಗಿ ಎಲ್ಲೂ ಓದಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ಒಬ್ಬರು ಬರಲು ಒಪ್ಪದಿದ್ದರೆ, ಅಥವಾ ಒಬ್ಬರು ಒಳಗೊಳಗೇ ಬೇರೆಯಾಗುವ ಯೋಚನೆಯಲ್ಲಿದ್ದರೆ ಏನು? ಜೊತೆಯಾಗಿ ಹೋಗಲೇಬಾರದ ಸಂದರ್ಭಗಳು ಇವೆಯೇ?

ಅಂಗಳ:

ಎರಡನೆಯದಕ್ಕೆ ಮೊದಲು ಉತ್ತರ, ಏಕೆಂದರೆ ಅದು ಜೀವದ ವಿಷಯ.

ಒಬ್ಬರಿಗೆ ಇನ್ನೊಬ್ಬರ ಭಯ ಇದ್ದರೆ ಜೋಡಿ ಕೌನ್ಸೆಲಿಂಗ್ ಬೇಡ. ಹೊಡೆತ, ಕತ್ತಿಗೆ ಕೈ ಹಾಕುವುದು, ಬೆದರಿಕೆ, ಹಣ ಮತ್ತು ಫೋನಿನ ಮೇಲೆ ಪೂರ್ತಿ ಹಿಡಿತ, ಯಾರನ್ನು ಭೇಟಿಯಾಗಬೇಕು ಎಂಬುದಕ್ಕೂ ಅಪ್ಪಣೆ, ಬಲವಂತದ ಲೈಂಗಿಕತೆ, ಇವೆಲ್ಲ ಇದರಲ್ಲಿ ಸೇರುತ್ತವೆ. ಕಾರಣ ಸರಳ. ಅಲ್ಲಿ ಬಾಯಿಬಿಟ್ಟು ಹೇಳಿದ ಸತ್ಯಕ್ಕೆ ಮನೆಗೆ ಹೋದ ಮೇಲೆ ಶಿಕ್ಷೆ ಸಿಗಬಹುದು. ಅಲ್ಲದೆ "ಇಬ್ಬರದೂ ಪಾಲಿದೆ" ಎಂದು ನೋಡುವ ಕ್ರಮವೇ ಇಲ್ಲಿ ಅನ್ಯಾಯ, ಹಿಂಸೆ ಮಾಡಿದವರದೇ ಅದರ ಪೂರ್ತಿ ಹೊಣೆ. ನಡುಮನೆ ಹೇಳಿದ ಒಬ್ಬೊಬ್ಬರ ಭೇಟಿಗಳು ಇರುವುದರ ಒಂದು ಮುಖ್ಯ ಉದ್ದೇಶ ಇದನ್ನು ಪತ್ತೆ ಮಾಡುವುದು, ಏಕೆಂದರೆ ಜೊತೆಗಾರರ ಎದುರು ಯಾರೂ ಹೇಳಲಾರರು. ನಿಮ್ಮನ್ನು ನೀವೇ ಕೇಳಿಕೊಳ್ಳಬಹುದಾದ ಪ್ರಶ್ನೆ: "ನಾನು ಅಲ್ಲಿ ಮನಸ್ಸಿಗೆ ಬಂದದ್ದನ್ನು ಹೇಳಿದರೆ ರಾತ್ರಿ ಏನಾಗಬಹುದು?" ಉತ್ತರ ಹೆದರಿಕೆ ಹುಟ್ಟಿಸಿದರೆ ಒಬ್ಬರೇ ಹೋಗಿ, ಸುರಕ್ಷತೆಯ ಯೋಜನೆ ಮೊದಲು ಆಗಲಿ. ಒಮ್ಮೆಯೂ ಒಬ್ಬೊಬ್ಬರನ್ನೇ ಕಂಡು ಇದನ್ನು ವಿಚಾರಿಸದ ಕೌನ್ಸೆಲರ್ ಬಳಿ ಮುಂದುವರಿಯಬೇಡಿ.

ಚಿಕಿತ್ಸೆ ಪಡೆಯದ ಕುಡಿತ ಅಥವಾ ಬೇರೆ ಚಟ ಇದ್ದರೆ ಅದಕ್ಕೆ ಬೇರೆಯಾಗಿ ಚಿಕಿತ್ಸೆ ಶುರುವಾಗಬೇಕು. ಬೇರೊಂದು ಸಂಬಂಧ ಗುಟ್ಟಾಗಿ ಇನ್ನೂ ನಡೆಯುತ್ತಿದ್ದರೆ ಜೋಡಿ ಕೆಲಸಕ್ಕೆ ನೆಲವೇ ಇರುವುದಿಲ್ಲ. ಮುಗಿದ ಸಂಬಂಧ ಬಯಲಾಗಿ ನೊಂದವರಿಗೆ ಬೇರೆ ಕ್ರಮವಿದೆ: ಮೊದಲು ಆಘಾತ ತಡೆದುಕೊಳ್ಳುವುದು, ಆಮೇಲೆ ಹೀಗೇಕಾಯಿತು ಎಂದು ಅರಿಯುವುದು, ಕೊನೆಗೆ ಮುಂದೇನೆಂದು ನಿರ್ಧರಿಸುವುದು. "ಕ್ಷಮಿಸಿಬಿಡಿ" ಎಂದು ಎರಡನೇ ವಾರಕ್ಕೇ ಒತ್ತಾಯಿಸುವುದು ದೊಡ್ಡ ತಪ್ಪು.

ಇನ್ನು ಒಬ್ಬರು ಇರಲೋ ಬಿಡಲೋ ಎಂಬ ತೂಗಾಟದಲ್ಲಿದ್ದರೆ ಸಾಮಾನ್ಯ ಜೋಡಿ ಕೌನ್ಸೆಲಿಂಗ್ ಸೋಲುತ್ತದೆ. ಒಬ್ಬರು ಮನೆಪಾಠ ಮಾಡುತ್ತಾರೆ, ಇನ್ನೊಬ್ಬರು ಹಾಜರಿ ಹಾಕುತ್ತಾರೆ. ಇಂಥವರಿಗೆಂದೇ ಬಿಲ್ ಡೊಹರ್ಟಿ 1ರಿಂದ 5 ಭೇಟಿಗಳ ಚಿಕ್ಕ ಕ್ರಮವೊಂದನ್ನು ರೂಪಿಸಿದ್ದಾರೆ. ಅದರಲ್ಲಿ ದಾಂಪತ್ಯ ಸರಿಪಡಿಸುವ ಕೆಲಸ ಇರುವುದಿಲ್ಲ. ಇದ್ದಂತೆ ಮುಂದುವರಿಯುವುದೋ, ಬೇರೆಯಾಗುವುದೋ, ಆರು ತಿಂಗಳು ಮನಸ್ಸಿಟ್ಟು ಪ್ರಯತ್ನಿಸುವುದೋ ಎಂಬ ಮೂರರಲ್ಲಿ ಒಂದನ್ನು ಕಣ್ತೆರೆದು ಆರಿಸಿಕೊಳ್ಳುವುದಷ್ಟೇ ಗುರಿ. ಹೆಚ್ಚಿನ ಮಾತು ಒಬ್ಬೊಬ್ಬರ ಜೊತೆಗೇ ನಡೆಯುತ್ತದೆ.

ಬರಲು ಒಪ್ಪದವರನ್ನು ಕೇಳುವ ರೀತಿಯೂ ಮುಖ್ಯ. "ನಿನಗೆ ಕೌನ್ಸೆಲಿಂಗ್ ಬೇಕು" ಎಂದರೆ ರೋಗಿ ಯಾರೆಂದು ನೀವೇ ತೀರ್ಮಾನಿಸಿದಂತೆ. "ಜಗಳದಲ್ಲಿ ನಾನು ಮಾಡೋದೂ ನನಗೆ ಇಷ್ಟವಾಗ್ತಿಲ್ಲ. ಮೂರು ಸಲ ಹೋಗಿ ನೋಡೋಣ, ಯಾರ ಹತ್ತಿರ ಅನ್ನೋದನ್ನ ನೀನೇ ಆರಿಸು" ಎನ್ನುವುದು ಬೇರೆಯೇ ಮಾತು. ಆಗಲೂ ಒಪ್ಪದಿದ್ದರೆ ಒಬ್ಬರೇ ಹೋಗಿ ಸುತ್ತಿನಲ್ಲಿನ ತಮ್ಮ ಅರ್ಧವನ್ನು ಬದಲಿಸಬಹುದು, ಎಷ್ಟೋ ಸಲ ಅಷ್ಟಕ್ಕೇ ಸುತ್ತು ಸಡಿಲವಾಗುತ್ತದೆ. ಆದರೆ ಒಂದೇ ಕಡೆಯ ಕಥೆ ಕೇಳಿ "ಅವರು ಹಾಗೇ, ಬಿಟ್ಟುಬಿಡಿ" ಎನ್ನುವ ಕೌನ್ಸೆಲರ್ ಸಿಕ್ಕರೆ ಹುಷಾರು.

ನಡುಮನೆ:

ಸರಿಯಾದ ಕಡೆ ಹೋಗಿದ್ದೇವೆಯೇ ಎಂದು ತಿಳಿಯುವುದು ಹೇಗೆ ಎಂಬುದನ್ನೂ ಸೇರಿಸುತ್ತೇನೆ. ಜೋಡಿಗಳ ಜೊತೆ ಕೆಲಸ ಮಾಡಲು ಪ್ರತ್ಯೇಕ ತರಬೇತಿ ಪಡೆದಿದ್ದಾರೆಯೇ, ಯಾವ ಪದ್ಧತಿ ಅನುಸರಿಸುತ್ತಾರೆ ಎಂದು ಫೋನಿನಲ್ಲೇ ಕೇಳಿ. ಒಬ್ಬರಿಗೆ ಚಿಕಿತ್ಸೆ ಕೊಡಬಲ್ಲವರೆಲ್ಲ ಇಬ್ಬರನ್ನು ಒಟ್ಟಿಗೆ ನಿಭಾಯಿಸಲಾರರು. ಅದು ಬೇರೆಯೇ ಕಸುಬು. ವಾರಕ್ಕೊಮ್ಮೆ, 50ರಿಂದ 90 ನಿಮಿಷ. ಮೊದಲೆರಡು ತಿಂಗಳು ಇದನ್ನು ತಪ್ಪಿಸಿ ಮೂರು ವಾರಕ್ಕೊಮ್ಮೆ ಹೋದರೆ ಪ್ರತಿ ಸಲ ಹೊಸ ಜಗಳದ ವರದಿ ಒಪ್ಪಿಸುವುದರಲ್ಲೇ ಹೊತ್ತು ಮುಗಿಯುತ್ತದೆ. ನಾಲ್ಕನೆಯ ಭೇಟಿಯ ಹೊತ್ತಿಗೆ ನಿಮ್ಮ ಸುತ್ತನ್ನು ಅವರು ನಿಮಗೆ ಬಿಡಿಸಿ ಹೇಳಬಲ್ಲವರಾಗಿರಬೇಕು. ಇಬ್ಬರೂ ಕಿರುಚಾಡುವಾಗ 50 ನಿಮಿಷ ನೋಡುತ್ತ ಕೂರುವವರು, ಪ್ರತಿಸಲ ಒಬ್ಬರ ಪರ ವಾಲುವವರು, ಬದಲಾಯಿಸಬೇಕಾದ ಕೌನ್ಸೆಲರ್‌ಗಳು. ಒಂದು ದಿನ ಒಬ್ಬರ ಕಡೆ ವಾಲಿದಂತೆ ಅನಿಸಿದರೆ ಮಾತ್ರ ಎದ್ದು ಬರಬೇಡಿ, ಅದನ್ನೇ ಅಲ್ಲಿ ಹೇಳಿ.

ಭೇಟಿ ಮುಗಿದು ಹಿಂತಿರುಗುವ ದಾರಿಯಲ್ಲಿ ಅದೇ ವಿಷಯ ಎತ್ತಬೇಡಿ. ಕೆದಕಿದ ಗಾಯ ಇನ್ನೂ ಹಸಿ ಇರುತ್ತದೆ. ಅಲ್ಲಿ ಆಡಿದ ಮಾತನ್ನು ಮನೆಯಲ್ಲಿ ಆಯುಧ ಮಾಡಿಕೊಳ್ಳುವುದು ಇದಕ್ಕಿಂತ ಕೆಟ್ಟದ್ದು: "ಅವತ್ತು ಅವರ ಮುಂದೆ ನೀನೇ ಒಪ್ಪಿಕೊಂಡೆಯಲ್ಲ!" ಒಮ್ಮೆ ಹೀಗಾದರೆ ಮುಂದಿನ ಭೇಟಿಯಲ್ಲಿ ಬಾಯಿ ತೆರೆಯುವವರು ಯಾರು?

ಪ್ರಗತಿಯನ್ನು ಜಗಳಗಳ ಎಣಿಕೆಯಿಂದ ಅಳೆಯಬೇಡಿ. ಅದುಮಿಟ್ಟದ್ದು ಹೊರಬರುವಾಗ ಮೊದಮೊದಲು ಎಣಿಕೆ ಏರಲೂಬಹುದು. ಎಷ್ಟು ಹೊತ್ತು ನಡೆಯಿತು, ಸಹಜ ಮಾತಿಗೆ ಮರಳಲು ಎಷ್ಟು ಹೊತ್ತು ಹಿಡಿಯಿತು, ರಾಜಿಗೆ ಮೊದಲು ಕೈ ಚಾಚಿದವರು ಯಾರು, ಈ ಮೂರನ್ನು ಬರೆದಿಡಿ. ಎರಡು ದಿನದ ಮುನಿಸು ಎರಡು ಗಂಟೆಗೆ ಇಳಿದು, ಕೈ ಚಾಚುವವರು ಪ್ರತಿಸಲ ಒಬ್ಬರೇ ಆಗಿಲ್ಲದಿದ್ದರೆ ಕೆಲಸ ಆಗುತ್ತಿದೆ. ಆಗ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಂದು ಅಂತರ ಹೆಚ್ಚಿಸಬಹುದು.

ಕಿವಿಮಾತು:

ಕೌನ್ಸೆಲರ್ ಸಿಗುವವರೆಗೆ ಮಾಡಬಹುದಾದ ಒಂದು ಬರವಣಿಗೆ ಇದೆ. 2013ರಲ್ಲಿ ಪ್ರಕಟವಾದ ಎಲಿ ಫಿಂಕೆಲ್ ತಂಡದ ಅಧ್ಯಯನದಲ್ಲಿ 120 ಜೋಡಿಗಳಿದ್ದವು. ಅರ್ಧ ಜೋಡಿಗಳಿಗೆ ನಾಲ್ಕು ತಿಂಗಳಿಗೊಮ್ಮೆ 7 ನಿಮಿಷ, ವರ್ಷಕ್ಕೆ ಒಟ್ಟು 21 ನಿಮಿಷ ಬರೆಯಲು ಹೇಳಿದರು. ಇತ್ತೀಚಿನ ದೊಡ್ಡ ಜಗಳವನ್ನು ಇಬ್ಬರ ಒಳಿತನ್ನೂ ಬಯಸುವ ಹೊರಗಿನವರೊಬ್ಬರು ನೋಡಿದ್ದರೆ ಅವರಿಗೆ ಏನು ಕಾಣುತ್ತಿತ್ತು? ಮುಂದಿನ ಜಗಳದಲ್ಲಿ ಹಾಗೆ ನೋಡಲು ನನಗೆ ಅಡ್ಡ ಬರುವುದು ಏನು? ಆ ಅಡ್ಡಿ ದಾಟಲು ಏನು ಮಾಡಬಲ್ಲೆ? ಬರೆದವರ ಜಗಳಗಳು ಕಡಿಮೆಯಾಗಲಿಲ್ಲ, ಆದರೆ ಅವುಗಳಿಂದ ಆಗುವ ಸಂಕಟ ಕಡಿಮೆಯಾಯಿತು, ದಾಂಪತ್ಯದ ತೃಪ್ತಿ ಕುಸಿಯುತ್ತ ಹೋಗುವುದು ನಿಂತಿತು. ಇಬ್ಬರೂ ಬೇರೆ ಬೇರೆ ಕೂತು ಬರೆಯಿರಿ, ಪರಸ್ಪರ ತೋರಿಸಬೇಕಾದ ಅಗತ್ಯವಿಲ್ಲ. ಮೊದಲ ಭೇಟಿಗೆ ಹೋಗುವಾಗ ಆ ಹಾಳೆ ಜೊತೆಗಿದ್ದರೆ ಕಳೆದ ಜಗಳವನ್ನು ನಿಮಿಷ ನಿಮಿಷ ಬಿಡಿಸಿ ಹೇಳುವುದು ಅಷ್ಟು ಕಷ್ಟವಾಗುವುದಿಲ್ಲ.